ನಮ್ಮ ಕಾಫಿಗೆ ನಾವೇ ಅಂಕ ಹಾಕುವ ಬಗೆ

ಅಡಿಕೆಯ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಚೀಲ ಬಿಚ್ಚಿ ಒಂದು ಹಿಡಿ ಕೈಗೆತ್ತಿಕೊಂಡರೆ ಇದು ರಾಶಿಯೋ, ಬೆಟ್ಟೆಯೋ, ಗೊರಬಲೋ, ಸರಕಿಗೆ ಸಲ್ಲುವುದೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಅನುಮಾನ ಬಂದರೆ ಒಂದು ಹೋಳು ಬಾಯಿಗೆ ಹಾಕಿಕೊಂಡು ತೀರ್ಮಾನ ಹೇಳುವವರೂ ಇದ್ದಾರೆ. ಆದರೆ ಅದೇ ಬೆಳೆಗಾರರು ಕಾಫಿ ಚೀಲದ ಮುಂದೆ ನಿಂತಾಗ ಮಾತು ಬೇರೆಯಾಗುತ್ತದೆ. ತೇವ ಎಷ್ಟು, ಔಟ್‌ಟರ್ನ್ ಎಷ್ಟು, ಈ ದಿನದ ಧಾರಣೆ ಎಷ್ಟು ಎಂಬುದರಲ್ಲೇ ವಿಚಾರ ಮುಗಿದುಹೋಗುತ್ತದೆ. ಲೋಟಕ್ಕೆ ಇಳಿದಾಗ ಈ ಕಾಫಿಯ ರುಚಿ ಹೇಗೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬರುವುದಾದರೂ ಹೇಗೆ? ನಾವು ಮನೆಯಲ್ಲಿ ಕುಡಿಯುವುದು ಹಾಲು, ಸಕ್ಕರೆ ಅಥವಾ ಬೆಲ್ಲ, ಕೆಲವು ಕಡೆ ಚಿಕೋರಿಯೂ ಬೆರೆತ ಕಾಫಿಯನ್ನು. ಅದೂ ಅನೇಕ ಮನೆಗಳಲ್ಲಿ ಗಿಡದ ಬುಡದಲ್ಲಿ ಆರಿಸಿದ್ದು, ಕಣ ಗುಡಿಸಿದಾಗ ಸಿಕ್ಕಿದ್ದು, ಒಡೆದದ್ದು, ಕಪ್ಪಾದದ್ದು. ಒಳ್ಳೆಯ ಬೀಜ ಮಾರಾಟಕ್ಕೆ, ಮಿಕ್ಕದ್ದು ಅಡಿಗೆಮನೆಗೆ.

ಇದಕ್ಕೆ ಬೆಳೆಗಾರರನ್ನು ಮಾತ್ರ ದೂರುವಂತಿಲ್ಲ. 1940ರ ದಶಕದಿಂದ ನಮ್ಮ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಅಲ್ಲಿ ದರ್ಜೆ ನೋಡುತ್ತಿದ್ದರು, ರುಚಿಯನ್ನೂ ನೋಡುತ್ತಿದ್ದರು. ಆದರೆ ಒಬ್ಬರ ತೋಟದ ಕಾಫಿ ಇನ್ನೊಬ್ಬರದರ ಜೊತೆ ಒಂದೇ ರಾಶಿಯಾಗಿ ಮಾರಾಟವಾಗುತ್ತಿದ್ದುದರಿಂದ ಇಂಥವರ ಕಾಫಿ ಇಂಥ ರುಚಿ ಎಂಬ ಮಾತಿಗೆ ಎಡೆಯಿರಲಿಲ್ಲ. 1992ರ ನಂತರ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ಅಂದಿನಿಂದ ಮಾರುವವರು ನಾವೇ. ಆದಾಗ್ಯೂ ರುಚಿ ನೋಡುವವರು ಮಾತ್ರ ಕೊಳ್ಳುವವರ ಕಡೆಯವರಾಗಿಯೇ ಉಳಿದರು. ಮಾರುವವನಿಗೆ ತನ್ನ ಸರಕಿನ ಗುಣ ತಿಳಿಯದೆ, ಕೊಳ್ಳುವವನಿಗೆ ಮಾತ್ರ ತಿಳಿದಿರುವ ವ್ಯಾಪಾರದಲ್ಲಿ ನಷ್ಟ ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ರುಚಿ ನೋಡುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ, ಅಭ್ಯಾಸದಿಂದ ಬರುವುದು. ಹವ್ಯಾಸವಾಗಿ ಹಿಡಿದವರೂ ಇದನ್ನು ಎಷ್ಟು ಶಿಸ್ತಿನಿಂದ ಮಾಡುತ್ತಾರೆ ಎಂಬುದಕ್ಕೆ ಸಿಗಾರ್, ಅಂದರೆ ದೊಡ್ಡ ಚುಟ್ಟಾ ಸೇದುವವರ ಉದಾಹರಣೆ ಕೊಡಬಹುದು. ಕ್ಯೂಬಾ ಮೊದಲಾದ ದೇಶಗಳ ಸಿಗಾರ್ ಎಲೆಯನ್ನೂ ನಮ್ಮ ಕಾಫಿಯ ಹಾಗೆ ಒಣಗಿಸಿ, ಹುದುಗಿಸಿ, ಹದ ಮಾಡಬೇಕು. ಆ ಕೆಲಸದಲ್ಲಿ ತಪ್ಪಿದರೆ ಗಿಡ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಾರಂಭವಾದ ‘ಸಿಗಾರ್ ಅಫಿಷಿಯೊನಾಡೊ’ ಎಂಬ ಪತ್ರಿಕೆ ಸಿಗಾರ್‌ಗಳಿಗೆ 100ಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿತು. ನೋಟಕ್ಕೂ ಕಟ್ಟಿಗೂ 15, ರುಚಿಗೆ 25, ಉರಿಯುವ ಮತ್ತು ಹೊಗೆ ಎಳೆಯುವ ರೀತಿಗೆ 25, ಒಟ್ಟು ಅಭಿಪ್ರಾಯಕ್ಕೆ 35. ಇದರಲ್ಲಿ ಮುಖ್ಯವಾದದ್ದು ಅಂಕವಲ್ಲ. ರುಚಿ ನೋಡುವ ಮೊದಲು ಸಿಗಾರಿನ ಹೆಸರಿನ ಪಟ್ಟಿಯನ್ನು ಕಿತ್ತು ಬರಿಯ ಸಂಖ್ಯೆಯ ಪಟ್ಟಿ ಹಾಕುತ್ತಾರೆ. ಕೈಯಲ್ಲಿರುವುದು ಹೆಸರಾಂತ ಮಾಲೋ, ಯಾರೂ ಕೇಳರಿಯದ ಮಾಲೋ ನೋಡುವವನಿಗೆ ತಿಳಿಯಬಾರದು. ಇನ್ನೊಂದು ಪದ್ಧತಿಯೆಂದರೆ, ಇಡೀ ಸಿಗಾರನ್ನು ಮನಸ್ಸಿನಲ್ಲಿ ಮೂರು ಭಾಗ ಮಾಡಿಕೊಂಡು ಪ್ರತಿ ಭಾಗದ ರುಚಿಯನ್ನು ಬೇರೆಬೇರೆ ಬರೆದಿಡುವುದು. ಮೊದಲ ಭಾಗದಲ್ಲಿ ಸೌಮ್ಯವಾಗಿದ್ದದ್ದು ಕೊನೆಯಲ್ಲಿ ಖಾರವಾಗುವುದುಂಟು.

ಆ ಹೊಗೆಯನ್ನು ನಾವು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅದರ ಕೇಡು ಎಲ್ಲರಿಗೂ ಗೊತ್ತಿದ್ದದ್ದೇ. ಅವರ ಪದ್ಧತಿಯಷ್ಟೇ ನಮಗೆ ಸಾಕು. ಹೆಸರು ಮರೆಮಾಡುವುದು, ಎಲ್ಲ ಮಾದರಿಗೂ ಒಂದೇ ಉಪಚಾರ, ಹಂತಹಂತವಾಗಿ ನೋಡಿ ಆಗಿಂದಾಗ್ಗೆ ಬರೆದಿಡುವುದು. ಕಾಫಿಯಲ್ಲಿ ವೃತ್ತಿಯಿಂದ ರುಚಿ ನೋಡುವವರೂ ಇದನ್ನೇ ಮಾಡುತ್ತಾರೆ. ಇದನ್ನು ಮನೆಯಲ್ಲಿ ಹೇಗೆ ಮಾಡಬಹುದು ಎಂಬುದನ್ನು ಈಗ ನೋಡೋಣ.

ಪಾರ್ಚ್‌ಮೆಂಟ್ ಆಗಲಿ, ಚೆರ್ರಿ ಆಗಲಿ, ಸಿಪ್ಪೆ ತೆಗೆದ ಶುದ್ಧ ಬೀಜ 100 ಗ್ರಾಂ ಇದ್ದರೆ ಒಂದು ಮಾದರಿಗೆ ಸಾಕು. ಇಷ್ಟನ್ನು ಒರಳಿನಲ್ಲಿ ಹಗುರವಾಗಿ ಕುಟ್ಟಿ ಕೇರಿಕೊಳ್ಳಬಹುದು. ದಪ್ಪ ತಳದ ಬಾಣಲೆಯಲ್ಲಿ ಬಿಡದೆ ಕೈಯಾಡಿಸುತ್ತ 8ರಿಂದ 12 ನಿಮಿಷದೊಳಗೆ ಹುರಿಯಬೇಕು. ಬೀಜ ಚಟಪಟ ಸಿಡಿಯುವ ಮೊದಲ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಇಳಿಸಿ ಮೊರದಲ್ಲಿ ಹರಡಿ ಗಾಳಿ ಹಾಕಿ ಆರಿಸಿ. ಎಣ್ಣೆ ಹೊಳೆಯುವವರೆಗೆ ಹುರಿದರೆ ಒಳ್ಳೆಯ ಕಾಫಿ, ಕೆಟ್ಟ ಕಾಫಿ ಎರಡೂ ಒಂದೇ ಕಹಿಯಾಗುತ್ತವೆ. ಕಪ್ಪಗೆ ಹುರಿಯುವುದು ದೋಷ ಮುಚ್ಚುವ ಹಳೆಯ ಉಪಾಯ. ಹುರಿದ ಬೀಜವನ್ನು ಒಂದು ರಾತ್ರಿ ಮುಚ್ಚಿಟ್ಟು ಮರುದಿನ ಬೆಳಿಗ್ಗೆ ರುಚಿ ನೋಡುವುದು ಸರಿ. ಪುಡಿ ಸಣ್ಣ ರವೆಯ ಹಾಗೆ ತರಿಯಾಗಿರಲಿ. ಸಾರಿನ ಪುಡಿ ಬೀಸಿದ ಮಿಕ್ಸಿ ಜಾಡಿಯನ್ನು ಮುಟ್ಟಲೇಬೇಡಿ. ಒಂದು ಮಾದರಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಎರಡನೆಯದರ ನಾಲ್ಕು ಬೀಜ ಮೊದಲು ಬೀಸಿ ಚೆಲ್ಲಿಬಿಡಬೇಕು.

ಪ್ರತಿ ಮಾದರಿಗೆ ಕನಿಷ್ಠ ಮೂರು ಲೋಟ ಇಡಿ; ವೃತ್ತಿಯವರು ಐದು ಇಡುತ್ತಾರೆ. ಗಾಜಿನದು ಅಥವಾ ಪಿಂಗಾಣಿಯದು ಉತ್ತಮ. 150 ಮಿಲಿ ಲೀಟರ್ ನೀರಿಗೆ 8 ಗ್ರಾಂ ಪುಡಿ, ಪ್ರತಿ ಲೋಟಕ್ಕೂ ಬೇರೆಯಾಗಿ ತೂಗಿ, ಬೇರೆಯಾಗಿಯೇ ಬೀಸಬೇಕು. ಹೀಗೇಕೆಂದರೆ, ಒಂದೇ ಒಂದು ಕೊಳೆತ ಬೀಜ ಒಂದು ಲೋಟವನ್ನು ಕೆಡಿಸಬಲ್ಲದು. ಎಲ್ಲವನ್ನೂ ಒಟ್ಟಿಗೆ ಬೀಸಿದರೆ ಆ ದೋಷ ಹರಡಿ ಮರೆಯಾಗಿಬಿಡುತ್ತದೆ. ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್ ಇರಬೇಕು. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದ ನಮ್ಮ ತೋಟಗಳಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ, ಇಳಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು.

ಲೋಟಗಳ ಅಡಿಯಲ್ಲಿ ಸಂಖ್ಯೆ ಬರೆದು ಅವುಗಳ ಜಾಗ ಬದಲಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ. ರುಚಿ ನೋಡುವವರು ಆಗ ಹೊರಗಿರಬೇಕು. ತನ್ನ ತೋಟದ ಕಾಫಿ ಯಾವುದೆಂದು ತಿಳಿದವನ ನಾಲಿಗೆಯನ್ನು ನಂಬಬಾರದು, ಅದು ಹೆತ್ತವರ ನಾಲಿಗೆ. ಇನ್ನೊಂದು ಮಾತು. ರುಚಿ ನೋಡುವ ಮುಂಚೆ ಒಂದು ಗಂಟೆಯಾದರೂ ಎಲೆಅಡಿಕೆ ಹಾಕಬಾರದು. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹೀಗೆ ಬರೆಯುವುದು ನಮಗೂ ಸಂಕಟವೇ, ಆದರೆ ಆ ಒಗರು ಇಳಿಯುವವರೆಗೆ ನಾಲಿಗೆ ಸಾಕ್ಷಿ ಹೇಳುವುದಿಲ್ಲ.

ಮೊದಲು ಒಣ ಪುಡಿಯ ವಾಸನೆ ನೋಡಿ ಬರೆದುಕೊಳ್ಳಿ. ಬಿಸಿನೀರು ಹೊಯ್ದು 4 ನಿಮಿಷ ಮುಟ್ಟದೆ ಬಿಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯುವಾಗ ಮೂಗನ್ನು ಲೋಟದ ಹತ್ತಿರವೇ ಇಟ್ಟಿರಬೇಕು; ಆ ಒಂದು ಕ್ಷಣದ ಆವಿಯಲ್ಲಿ ಕಾಫಿ ತನ್ನ ಕಥೆಯನ್ನು ಅರ್ಧ ಹೇಳಿಬಿಡುತ್ತದೆ. ನೊರೆ ತೆಗೆದು, ನಾಲಿಗೆ ಸುಡದಷ್ಟು ಆರಿದ ಮೇಲೆ ಚಮಚದಲ್ಲಿ ತೆಗೆದುಕೊಂಡು ಸೊರ್ ಎಂದು ಸದ್ದು ಮಾಡಿ ಹೀರಬೇಕು. ಹಿರಿಯರು ಬೈದು ಬಿಡಿಸಿದ ಅಭ್ಯಾಸ ಇಲ್ಲಿ ಅವಶ್ಯ. ಸಿಗಾರಿನ ಮೂರು ಭಾಗದ ಹಾಗೆ ಇಲ್ಲಿಯೂ ಮೂರು ಘಟ್ಟ. ಬಿಸಿಯಾಗಿದ್ದಾಗ ಮುಖ್ಯ ರುಚಿ ಮತ್ತು ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು. ಉಗುರುಬೆಚ್ಚಗಾದಾಗ ಹುಳಿ ಮತ್ತು ದ್ರವದ ಮೈ, ಅಂದರೆ ಗಂಜಿಯೋ ತಿಳಿಯೋ ಎಂಬ ಭಾವ. ಪೂರ್ತಿ ಆರಿದಾಗ ಸಿಹಿ ಮತ್ತು ಶುಚಿ. ಬಿಸಿಯಲ್ಲಿ ಅಡಗಿದ ದೋಷ ತಣ್ಣಗಾದಾಗ ಹೊರಬೀಳುತ್ತದೆ. ಆದುದರಿಂದ ಆರಿದ ಲೋಟವನ್ನು ಚೆಲ್ಲುವ ಅವಸರ ಬೇಡ.

ಇನ್ನು ದೋಷಗಳ ಮಾತು. ಸಣ್ಣ ಬೆಳೆಗಾರರಿಗೆ ಈ ಅಭ್ಯಾಸದ ನಿಜವಾದ ಲಾಭವಿರುವುದು ಇಲ್ಲೇ. ಹಸಿ ಹುಲ್ಲಿನ ವಾಸನೆ, ನಾಲಿಗೆ ಒಣಗಿಸುವ ಒಗರು ಕಂಡರೆ ಕುಯ್ಲಿನಲ್ಲಿ ಹಸಿಕಾಯಿ ಬೆರೆತಿದೆ ಎಂದರ್ಥ. ಆಳು ಸಿಗದ ಈ ಕಾಲದಲ್ಲಿ ಒಂದೇ ಸಲ ಕೊಂಬೆ ಸವರಿ ಮುಗಿಸುವವರು ಹೆಚ್ಚುತ್ತಿದ್ದಾರೆ. ಅದರ ಬೆಲೆ ಏನೆಂದು ಈ ಲೋಟ ತೋರಿಸುತ್ತದೆ. ಹುಳಿಹೆಂಡದ ಅಥವಾ ಕೊಳೆತ ಹಲಸಿನ ವಾಸನೆ ಬಂದರೆ ಹಣ್ಣು ಚೀಲದಲ್ಲೋ ರಾಶಿಯಲ್ಲೋ ಬಿಸಿಯೇರಿದೆ, ಇಲ್ಲವೇ ತೊಟ್ಟಿಯಲ್ಲಿ ಹುದುಗು ಮಿತಿ ಮೀರಿದೆ. ಇದನ್ನೂ ಒಳ್ಳೆಯ ಹುಳಿಯನ್ನೂ ಬೇರೆ ಮಾಡಿ ತಿಳಿಯಬೇಕು. ಕಿತ್ತಳೆಯಂಥ ಹುಳಿ ಬಂದು ಹೋಗಿ ಹಿಂದೆ ಸಿಹಿ ಬಿಡುತ್ತದೆ. ಕೆಟ್ಟ ಹುಳಿ ಗಂಟಲಲ್ಲೇ ನಿಲ್ಲುತ್ತದೆ. ಮೂರು ಲೋಟ ಚೆನ್ನಾಗಿದ್ದು ಒಂದು ಮಾತ್ರ ಗಬ್ಬು ನಾರಿದರೆ ಪಲ್ಪರಿನ ಸಂದಿನಲ್ಲೋ ತೊಟ್ಟಿಯ ಮೂಲೆಯಲ್ಲೋ ಹಿಂದಿನ ದಿನದ ಬೀಜ ಉಳಿದುಕೊಂಡಿತ್ತು ಎಂದು ಬಹುಮಟ್ಟಿಗೆ ಹೇಳಬಹುದು. ದಿನವೂ ಸಂಜೆ ಯಂತ್ರ ತೊಳೆಯಿರಿ ಎಂದು ಎಷ್ಟು ಹೇಳಿದರೂ ಕಿವಿಗೆ ಹೋಗದವರಿಗೆ ಆ ಒಂದು ಲೋಟ ಕುಡಿಸಿದರೆ ಸಾಕು.

ಮುಗ್ಗಲು ವಾಸನೆ ಕಣದ ದೋಷ. ದಪ್ಪವಾಗಿ ಹರಡಿದ್ದು, ಕೈಯಾಡಿಸದೆ ಬಿಟ್ಟದ್ದು, ಒಣಗಿದ್ದು ಮತ್ತೆ ನೆನೆದದ್ದು ಇದಕ್ಕೆ ಕಾರಣ. 2021ರ ನವೆಂಬರಿನ ಮಳೆಯಂಥದು ಬಂದಾಗ ಎಲ್ಲವನ್ನೂ ಉಳಿಸಿಕೊಳ್ಳಲು ಯಾರಿಂದಲೂ ಆಗದು. ಆದರೆ ನೆನೆದ ಕಾಫಿಯನ್ನು ನೆನೆಯದ್ದರ ಜೊತೆ ಸೇರಿಸದಿರುವುದು ನಮ್ಮ ಕೈಯಲ್ಲೇ ಇದೆ. ಪಾರ್ಚ್‌ಮೆಂಟ್ ಶೇಕಡಾ 10, ಅರೇಬಿಕಾ ಚೆರ್ರಿ 10.5, ರೋಬಸ್ಟಾ ಚೆರ್ರಿ 11ರ ತೇವಕ್ಕೆ ಇಳಿಯುವ ಮುನ್ನ ಚೀಲಕ್ಕೆ ತುಂಬಿದರೂ ಮುಗ್ಗುತ್ತದೆ. ಬರಿ ನೆಲದಲ್ಲಿ ಒಣಗಿಸಿದರೆ ಮಣ್ಣಿನ ವಾಸನೆ. ಗೊಬ್ಬರ, ಔಷಧಿ, ಸೀಮೆಎಣ್ಣೆಯ ಪಕ್ಕ ಇಟ್ಟರೆ ಆ ವಾಸನೆ. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಅಟ್ಟದಲ್ಲಿಟ್ಟ ಚೀಲಕ್ಕೆ ಒಲೆಯ ಹೊಗೆ ತಾಗಿದರೆ ಅದೂ ಲೋಟದಲ್ಲಿ ಸಿಗುತ್ತದೆ. ಸಿಗಾರಿನವರಿಗೆ ಹೊಗೆಯೇ ರುಚಿಯಾದರೂ ಕಾಫಿಗೆ ಅದು ಕಳಂಕ.

ಅಂಕಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೊರದೇಶದ ವ್ಯಾಪಾರದಲ್ಲಿ ಬಹುಕಾಲದಿಂದ ಬಳಕೆಯಾಗುತ್ತ ಬಂದ ನಮೂನೆಯಲ್ಲಿ 10 ಅಂಶಗಳು, ತಲಾ 10 ಅಂಕ, ಒಟ್ಟು 80 ದಾಟಿದರೆ ವಿಶೇಷ ಕಾಫಿ ಎಂಬ ಲೆಕ್ಕ. ನಮಗೆ ಪರಿಮಳ, ರುಚಿ, ಹುಳಿ, ಮೈ, ಬಾಯಲ್ಲಿ ಉಳಿಯುವುದು ಎಂಬ ಐದು ಸಾಕು. ಕೆಟ್ಟ ಲೋಟ ಒಂದೊಂದಕ್ಕೂ 4 ಅಂಕ ಕಳೆಯಿರಿ. ಮೊದಲು ಮಾತು ಬರೆದು ಆಮೇಲೆ ಅಂಕ ಹಾಕಬೇಕೆಂಬುದು ನಮ್ಮ ಅಭಿಪ್ರಾಯ. 38 ಎಂಬ ಸಂಖ್ಯೆ ಮುಂದಿನ ವರ್ಷ ಏನನ್ನೂ ನೆನಪಿಸದು. ‘ಒದ್ದೆ ಗೋಣಿ, ಮೂರನೆಯ ಲೋಟ ಮಾತ್ರ’ ಎಂಬ ಬರಹ ನೆನಪಿಸುತ್ತದೆ. ಮಾತಿಗಾಗಿ ಕಾಣದ ದೇಶದ ಹಣ್ಣುಹೂಗಳನ್ನು ಎರವಲು ತರಬೇಡಿ. ಕಿತ್ತಳೆ, ನಿಂಬೆ, ಜೋನಿಬೆಲ್ಲ, ಹುರಿದ ಗೋಡಂಬಿ, ಹುಣಸೆ, ಏಲಕ್ಕಿ, ಮೆಣಸು, ಇವೆಲ್ಲ ನಮ್ಮ ಹಿತ್ತಲಲ್ಲೇ ಇವೆ.

ನಮ್ಮ ದೇಶದ ಬೆಳೆಯಲ್ಲಿ ಶೇಕಡಾ 70ರ ಆಸುಪಾಸು ರೋಬಸ್ಟಾ. ಅದನ್ನು ಅರೇಬಿಕಾದ ಪಕ್ಕ ಇಟ್ಟು ಅಂಕ ಹಾಕುವುದು ಅನ್ಯಾಯ. ರೋಬಸ್ಟಾದಲ್ಲಿ ಹುಳಿ ಹುಡುಕಬಾರದು. ಮೈ ತುಂಬಿದೆಯೇ, ಕಹಿ ಮೃದುವಾಗಿದೆಯೇ, ಬಾಯಿ ಶುಚಿಯಾಗಿ ಉಳಿಯುತ್ತದೆಯೇ ಎಂದು ನೋಡಬೇಕು.

ಇಷ್ಟೆಲ್ಲ ಮಾಡಿದರೆ ಧಾರಣೆ ಹೆಚ್ಚುವುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಾಗಿಲಿಗೆ ಬಂದು ಚೆರ್ರಿ ಕೊಳ್ಳುವ ವ್ಯಾಪಾರಿ ರುಚಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಹತ್ತು ಚೀಲದ ಬೆಳೆಗಾರ ಒಬ್ಬನೇ ಹೋಗಿ ರುಚಿಯ ಮಾತಾಡಿದರೆ ಕೇಳುವವರೂ ಕಡಿಮೆ. ಒಂದೇ ರುಚಿಯ ಕಾಫಿ ನಾಲ್ಕಾರು ತೋಟಗಳಿಂದ ಸೇರಿ ಒಂದು ಲಾಟ್ ಆದಾಗ ಮಾತ್ರ ಮಾತಿಗೆ ತೂಕ ಬರುತ್ತದೆ. ಯಾವುದರ ಜೊತೆ ಯಾವುದು ಸೇರಬಹುದೆಂದು ಹೇಳಲು ರುಚಿ ನೋಡಿರಬೇಕು. ಕುಯ್ಲು ಮುಗಿದ ಮೇಲೆ ಪ್ರತಿ ಊರಿನಿಂದ ಐದಾರು ಮಂದಿ ಒಂದೊಂದು ಮಾದರಿ ತಂದು ಸಂಘದ ಕಟ್ಟಡದಲ್ಲಿ ಒಂದು ಬೆಳಿಗ್ಗೆ ಕುಳಿತರೆ ಸಾಕು. ಪಕ್ಕದ ತೋಟದ್ದು ನಮ್ಮದಕ್ಕಿಂತ ಹೆಚ್ಚು ಅಂಕ ಪಡೆದರೆ ಮುಖ ಸಣ್ಣದು ಮಾಡಿಕೊಳ್ಳದೆ, ಅವರು ಹಣ್ಣನ್ನು ಎಷ್ಟು ಹೊತ್ತಿಗೆ ಪಲ್ಪ್ ಮಾಡಿದರೆಂದು ಕೇಳಬೇಕು.

ಈ ಸಲದ ಕುಯ್ಲಿನಲ್ಲಿ ಮೊದಲು ಮಾಡಬಹುದಾದ ಒಂದು ಪರೀಕ್ಷೆ ಹೀಗಿದೆ. ಒಂದೇ ದಿನದ, ಒಂದೇ ತಾಕಿನ ಹಣ್ಣಿನಿಂದ ಮೂರು ಪಾಲು ತೆಗೆಯಿರಿ. ಒಂದರಲ್ಲಿ ಬರಿಯ ಕೆಂಪು ಹಣ್ಣು. ಇನ್ನೊಂದರಲ್ಲಿ ಹಸಿರು ಬೆರೆತದ್ದು. ಮೂರನೆಯದು ಕೆಂಪು ಹಣ್ಣೇ, ಆದರೆ ರಾತ್ರಿಯೆಲ್ಲ ಚೀಲದಲ್ಲಿ ಕಟ್ಟಿಟ್ಟದ್ದು. ಮೂರನ್ನೂ ಬೇರೆಯಾಗಿ ಒಣಗಿಸಿ, ಚೀಟಿಯಲ್ಲಿ ತಾರೀಖು ಬರೆದು, ಹೆಸರು ಮರೆಮಾಡಿ ರುಚಿ ನೋಡಿ. ಅರ್ಧದಷ್ಟು ಬೀಜವನ್ನು ಹುರಿಯದೆ ಡಬ್ಬಿಯಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ಅದೇ ರೀತಿ ಇನ್ನೊಮ್ಮೆ ನೋಡಿ, ಮೊದಲು ಬರೆದ ಹಾಳೆಯ ಪಕ್ಕದಲ್ಲೇ ಬರೆಯಿರಿ. ಯಾವುದು ಬೇಗ ಬಣ್ಣಗೆಟ್ಟಿತು, ಯಾವುದು ರುಚಿ ಹಿಡಿದು ನಿಂತಿತು ಎಂಬುದು ಆಗ ಹಾಳೆಯ ಮೇಲೆಯೇ ಇರುತ್ತದೆ.