2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ

ವಿದ್ಯಾರ್ಥಿಗಳೇ, ಮೋತಿ ಡೊಂಗರಿನ ನಮ್ಮ ಮನೆಗಳಲ್ಲಿ ಟೈಲ್ಸ್ ಕೆಲಸ ಬಲ್ಲ ಹಿರಿಯರಿದ್ದಾರೆ. ಅವರ ಕೈಗೆ 12 ಟೈಲ್ಸ್ ಕೊಟ್ಟರೆ 4ರಂತೆ 3 ಸಾಲು, ಇಲ್ಲವೇ 6ರಂತೆ 2 ಸಾಲು ಜೋಡಿಸಿಯಾರು. 13 ಕೊಟ್ಟರೆ ಒಂದೇ ಸಾಲು, ಬೇರೆ ದಾರಿಯಿಲ್ಲ. ಹೀಗೆ 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು.

ನಾವು ಕನ್ನಡ ಕಲಿಸುವವರು. ಆದರೂ ‘ಇದು ನಿಜವೆಂದು ಹೇಗೆ ಗೊತ್ತು?’ ಎಂಬ ಪ್ರಶ್ನೆ ಯಾವ ಪಾಠಕ್ಕೂ ಹೊರಗಿನದಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಮೂವತ್ತೊಂದು 2ಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ 1 ಕಳೆಯಿರಿ, 2147483647 ಬರುತ್ತದೆ. ಇದು ಅವಿಭಾಜ್ಯವೇ? ಒಂದು ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದರೆ, ಅವುಗಳಲ್ಲಿ ಒಂದು ಅದರ ವರ್ಗಮೂಲವನ್ನು ಮೀರಲಾರದು. 46341ರ ವರ್ಗವು ನಮ್ಮ ಸಂಖ್ಯೆಗಿಂತ ದೊಡ್ಡದು. ಆದ್ದರಿಂದ 46340ರವರೆಗೆ ಪರೀಕ್ಷಿಸಿದರೆ ಸಾಕು. ಆದರೆ ಅಷ್ಟರೊಳಗೆ 4792 ಅವಿಭಾಜ್ಯಗಳಿವೆ!

ಇಲ್ಲೊಂದು ಒಳದಾರಿಯಿದೆ. ಹನ್ನೊಂದು 2ಗಳ ಗುಣಲಬ್ಧದಲ್ಲಿ 1 ಕಳೆದರೆ 2047. ಅದು 23 × 89. ಈ ಎರಡನ್ನೂ 22ರಿಂದ, ಅಂದರೆ 11ರ ಇಮ್ಮಡಿಯಿಂದ, ಭಾಗಿಸಿದರೆ ಶೇಷ 1. ಇದು ಆಕಸ್ಮಿಕವಲ್ಲ, ಸಾಧಿಸಿದ ನಿಯಮ. ಹಾಗೆಯೇ ನಮ್ಮ ಸಂಖ್ಯೆಯ ಭಾಜಕವನ್ನು 62ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಅಂಥವು 46340ರೊಳಗೆ 63ರಿಂದ ಮೊದಲಾಗಿ 747 ಮಾತ್ರ. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಬೇಕೆಂಬ ಇನ್ನೊಂದು ನಿಯಮ ಸೇರಿದರೆ ಉಳಿಯುವುದು 373. ಅವುಗಳಲ್ಲಿ ಯಾವುದೂ ನಮ್ಮ ಸಂಖ್ಯೆಯನ್ನು ಭಾಗಿಸದು. ಇಂಥ ದಾರಿಯಿಂದಲೇ ಆಯ್ಲರ್ 1772ರಲ್ಲಿ ಇದು ಅವಿಭಾಜ್ಯವೆಂದು ತಿಳಿಸಿದನು.

ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲೇ ಇಂಥ ಅವಿಭಾಜ್ಯಗಳ ಪಟ್ಟಿಯೊಂದನ್ನು ಕೊಟ್ಟಿದ್ದನು. ಘಾತ 31 ಅದರಲ್ಲಿತ್ತು, ಅದು ಸರಿ. 67 ಕೂಡ ಇತ್ತು. ಅದು ತಪ್ಪೆಂದು ಲ್ಯೂಕಾ 1876ರಲ್ಲಿ ತೋರಿಸಿದನು. 1903ರಲ್ಲಿ ಕೋಲ್ ಅದರ ಅಪವರ್ತನಗಳನ್ನೇ ಮುಂದಿಟ್ಟನು: 193707721 × 761838257287. ಈ ಗೋವೆಯಲ್ಲೇ ಹುಟ್ಟಿದ ದಾಮೋದರ ಧರ್ಮಾನಂದ ಕೋಸಂಬಿಯವರು (1907–1966) ಇತಿಹಾಸ, ಗಣಿತಗಳೆರಡರಲ್ಲೂ ದೊಡ್ಡ ಹೆಸರು. ಅವಿಭಾಜ್ಯಗಳ ಹಂಚಿಕೆಗೆ ಸಂಬಂಧಿಸಿದ ರೀಮಾನ್ ಸಮಸ್ಯೆಯನ್ನು ಬಿಡಿಸಿದೆವೆಂದು ಅವರು ನಂಬಿದ್ದರು. ಸಾಧನೆಯಲ್ಲಿ ಕೊರತೆ ಕಂಡ ಗಣಿತಜ್ಞರು ಅದನ್ನು ಒಪ್ಪಲಿಲ್ಲ. ಇದರಿಂದ ಅವರ ಹಿರಿಮೆ ಕುಂದದು. ಗಣಿತದಲ್ಲಿ ಹೇಳಿದವರ ಹೆಸರಿಗಿಂತ ಸಾಧನೆ ದೊಡ್ಡದು, ಅಷ್ಟೇ.

2024ರಲ್ಲಿ ಪತ್ತೆಯಾದ ಇದೇ ಜಾತಿಯ ಅವಿಭಾಜ್ಯದಲ್ಲಿ 41024320 ಅಂಕಿಗಳಿವೆ, ಘಾತ 136279841. ಅದಕ್ಕೆ ಗಣಕಯಂತ್ರ ಬೇಕು. ನಿಮಗೆ ಕಾಗದ, ಪೆನ್ಸಿಲು ಸಾಕು. ಘಾತ 13ರ ಸಂಖ್ಯೆ 8191. ಅದರ ವರ್ಗಮೂಲ 91ಕ್ಕಿಂತ ಕಡಿಮೆ. 26ರಿಂದ ಭಾಗಿಸಿ 1 ಉಳಿಯುವವು ಅಷ್ಟರೊಳಗೆ 27, 53, 79 ಮಾತ್ರ. ಮೂರೇ ಭಾಗಾಕಾರ! ಮನೆಯಲ್ಲಿ ಅಪ್ಪ ಅಮ್ಮನ ಎದುರು ಮಾಡಿ ತೋರಿಸಿರಿ.

ಈ ಅಭ್ಯಾಸ ಪರೀಕ್ಷೆಗಷ್ಟೇ ಅಲ್ಲ. ಅಂಗಡಿಯ ಚೀಟಿಯಾಗಲಿ, ಕೂಲಿಯ ಹಾಜರಿ ಲೆಕ್ಕವಾಗಲಿ, ‘ದೊಡ್ಡವರು ಬರೆದಿದ್ದಾರೆ, ಸರಿಯೇ ಇದ್ದೀತು’ ಎನ್ನದೆ ವಿನಯದಿಂದ ಇನ್ನೊಮ್ಮೆ ಕೂಡಿ ನೋಡುವ ಮಗು ಮನೆಗೆ ಆಸರೆಯಾಗುತ್ತದೆ.