ಬೀಜದ ಚೀಟಿ ನೋಡುವ ನಾವು ನರ್ಸಿಂಗ್ ಶಾಲೆಯ ಮಾನ್ಯತೆ ನೋಡುತ್ತೇವೆಯೇ?



ಪ್ಲಸ್ ಟೂ ಫಲಿತಾಂಶ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಹಲವು ಮನೆಗಳಲ್ಲಿ ಒಂದೇ ಮಾತು: "ಮಗಳನ್ನು ನರ್ಸಿಂಗ್‌ಗೆ ಸೇರಿಸೋಣವೇ?" ಒಳ್ಳೆಯ ಯೋಚನೆ. ಆದರೆ ಹಣ ಕಟ್ಟುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಈ ಸಂಚಿಕೆಯಲ್ಲಿ ಅವನ್ನು ನೋಡೋಣ.

ಕೆಲವು ವರ್ಷಗಳ ಹಿಂದೆ ಒಬ್ಬ ರೈತರು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಬಳಿ ಬಂದರು. "ಸ್ವಾಮಿ, ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಒಂದು ಶಿಫಾರಸು ಪತ್ರ ಬರೆದುಕೊಡಿ" ಎಂದರು. ಎರಡು ಹಸು ಮಾರಿ, ಹೆಂಡತಿಯ ಒಡವೆ ಅಡವಿಟ್ಟು ಹಣ ಹೊಂದಿಸಿದ್ದರು. ನಾವು ಸಂತೋಷದಿಂದ ಪತ್ರ ಬರೆದುಕೊಟ್ಟೆವು. ಎರಡು ವರ್ಷ ಓದಿದ ಆ ಹುಡುಗಿ ಸರ್ಟಿಫಿಕೇಟ್ ಹಿಡಿದು ಕೊಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಕೆಲಸ ಕೇಳಲು ಹೋದಳು. ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ರಿಜಿಸ್ಟ್ರೇಷನ್ ನಂಬರ್ ಎಷ್ಟಮ್ಮ?" ಅವಳಲ್ಲಿ ನಂಬರ್ ಇರಲಿಲ್ಲ. ಅವಳು ಓದಿದ ಶಾಲೆಗೆ ಮಾನ್ಯತೆಯೇ ಇರಲಿಲ್ಲ.

ಅದೇ ತಂದೆ ಬಿತ್ತನೆ ಬೀಜ ಕೊಳ್ಳುವಾಗ ಚೀಲ ತಿರುಗಿಸಿ ನೀಲಿ ಚೀಟಿ ನೋಡದೆ ಹಣ ಕೊಡುವವರಲ್ಲ. ಬೀಜಕ್ಕೆ ಕೇಳುವ ಪ್ರಶ್ನೆಯನ್ನು ಮಗಳ ಓದಿಗೆ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನೀಲಿ ಚೀಟಿಯ ಅರ್ಥವೇನು? ಅದು ಅಂಗಡಿಯವರ ಮಾತಲ್ಲ. 1966ರ ಬೀಜ ಕಾಯಿದೆಯ ಪ್ರಕಾರ ಬೀಜ ಬೆಳೆದ ಹೊಲವನ್ನು ನೋಡಿ, ಮೊಳಕೆಯನ್ನು ಪರೀಕ್ಷಿಸಿ, ಮಾರುವವರಿಗೆ ಸೇರದ ಇಲಾಖೆಯೊಂದು ಕೊಡುವ ಭರವಸೆ. ನರ್ಸಿಂಗ್‌ನಲ್ಲಿ ನೋಂದಣಿ ಎಂದರೂ ಅದೇ.

1. ನೋಂದಣಿ ಮಾಡುವವರು ಯಾರು?

ನರ್ಸುಗಳ ನೋಂದಣಿಗೆಂದೇ ಕಾಯಿದೆ ಮಾಡಿದ ಮೊದಲ ದೇಶ ನ್ಯೂಜಿಲೆಂಡ್, 1901ರಲ್ಲಿ. ನಮ್ಮ ಮದ್ರಾಸ್ ಪ್ರಾಂತ್ಯದಲ್ಲಿ 1926ರಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯಿದೆ ಬಂತು. ಇಂದಿನ ತಮಿಳುನಾಡು ನರ್ಸುಗಳ ಮತ್ತು ಮಿಡ್‌ವೈಫ್‌ಗಳ ಪರಿಷತ್ತು ಅದರ ಫಲ. ಕಚೇರಿ ಚೆನ್ನೈನಲ್ಲಿದೆ. ಕರ್ನಾಟಕದಲ್ಲಿ 1961ರ ಕಾಯಿದೆಯಂತೆ ಬೆಂಗಳೂರಿನಲ್ಲಿ ರಾಜ್ಯ ನರ್ಸಿಂಗ್ ಪರಿಷತ್ತು ಇದೆ. ದೇಶಕ್ಕೆಲ್ಲ ಒಂದೇ ಮಟ್ಟದ ಪಾಠಕ್ರಮ ಇರಲೆಂದು 1947ರ ಕಾಯಿದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಹುಟ್ಟಿತು. ಆ ಹಳೆಯ ಕಾಯಿದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಆಯೋಗವನ್ನು ತರಲು ಸಂಸತ್ತು 2023ರ ಆಗಸ್ಟ್‌ನಲ್ಲಿ ಹೊಸ ಕಾಯಿದೆ ಮಾಡಿತು.

ಹೆಸರುಗಳು ಬದಲಾದರೂ ತತ್ವ ಒಂದೇ. ಕಾಲೇಜು ಕೊಡುವುದು ಓದಿನ ಪತ್ರ. ನರ್ಸ್ ಆಗಿ ಕೆಲಸ ಮಾಡುವ ಹಕ್ಕು ಬರುವುದು ರಾಜ್ಯದ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿದಾಗ.

2. ಯಾವ ಓದಿಗೆ ನೋಂದಣಿ ಇದೆ?

ಎ.ಎನ್.ಎಂ. – ಎರಡು ವರ್ಷ. ನಮ್ಮ ಊರಿಗೆ ಲಸಿಕೆ ಹಾಕಲು ಬರುವ ಗ್ರಾಮ ಆರೋಗ್ಯ ದಾದಿಯ ತರಬೇತಿ ಇದೇ.

ಜಿ.ಎನ್.ಎಂ. – ಮೂರು ವರ್ಷದ ಡಿಪ್ಲೊಮಾ. ಪ್ಲಸ್ ಟೂನಲ್ಲಿ ವಿಜ್ಞಾನ ಓದದವರೂ ಸೇರಬಹುದು.

ಬಿ.ಎಸ್ಸಿ. ನರ್ಸಿಂಗ್ – ನಾಲ್ಕು ವರ್ಷದ ಪದವಿ. ಪ್ಲಸ್ ಟೂನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಭಾರತದಲ್ಲಿ ಈ ಪದವಿ 1946ರಲ್ಲಿ ವೆಲ್ಲೂರು ಮತ್ತು ದೆಹಲಿಯಲ್ಲಿ ಆರಂಭವಾಯಿತು.

ಆರು ತಿಂಗಳ, ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್' ತರಬೇತಿಗಳೂ ಇವೆ. ಸಹಾಯಕರ ಕೆಲಸಕ್ಕೆ ಅವು ಸಾಕು. ಆ ಕೆಲಸ ಕೀಳಲ್ಲ. ಆದರೆ ಅವುಗಳಿಂದ ನರ್ಸ್ ಎಂಬ ನೋಂದಣಿ ಸಿಗದು. ಇದನ್ನು ಮರೆಮಾಚಿ ಹಣ ಪಡೆಯುವುದು ಮೋಸ.

3. ಪರೀಕ್ಷೆ

ತಮಿಳುನಾಡಿನಲ್ಲಿ ಬಿ.ಎಸ್ಸಿ. ಪರೀಕ್ಷೆ ನಡೆಸುವುದು ಕಾಲೇಜಲ್ಲ, ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬರಹ ಮತ್ತು ಪ್ರಾಯೋಗಿಕ ಎರಡರಲ್ಲೂ ಬೇರೆಬೇರೆಯಾಗಿ ಶೇಕಡ 50 ಅಂಕ ಬರಬೇಕು. ಪಾಠಕ್ಕೆ ಶೇಕಡ 80 ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಆಸ್ಪತ್ರೆಯ ತರಬೇತಿಯಲ್ಲಿ ಪೂರ್ತಿ 100 ಹಾಜರಿ ಇರಬೇಕು. "ಹಾಜರಿ ಬೇಡ, ಪರೀಕ್ಷೆಗೆ ಮಾತ್ರ ಬಂದರೆ ಸಾಕು" ಎನ್ನುವ ಏಜೆಂಟರನ್ನು ನಂಬಬೇಡಿ.

ಇಷ್ಟು ಕಟ್ಟುನಿಟ್ಟು ಏಕೆ? ಕೀಟನಾಶಕ ಮೈಗೇರಿದ ರೈತನನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಹಲವು ಬಾರಿ ಅಟ್ರೊಪಿನ್ ಔಷಧ ಬರೆಯುತ್ತಾರೆ. ಕಡಿಮೆಯಾದರೆ ಉಸಿರು ಕಟ್ಟುತ್ತದೆ, ಹೆಚ್ಚಾದರೆ ಬುದ್ಧಿ ಭ್ರಮಿಸಿ ಎದೆಬಡಿತ ಏರುತ್ತದೆ. ರಾತ್ರಿಯಿಡೀ ಪಕ್ಕದಲ್ಲಿದ್ದು ನಾಡಿ, ಕಣ್ಣಿನ ಪಾಪೆ, ಬೆವರು, ಉಸಿರಾಟ ನೋಡುತ್ತಾ ವೈದ್ಯರಿಗೆ ತಿಳಿಸುವವಳು ನರ್ಸ್. ಆ ಮಂಚದ ಮೇಲೆ ನಮ್ಮಲ್ಲೇ ಒಬ್ಬರು ಮಲಗಿರಬಹುದು.

4. ನೋಂದಣಿಯ ನಂತರ

ಪರೀಕ್ಷೆ ಪಾಸಾದ ಮೇಲೆ ಅಂಕಪಟ್ಟಿ ಮುಂತಾದ ದಾಖಲೆಗಳೊಡನೆ ರಾಜ್ಯ ಪರಿಷತ್ತಿಗೆ ಅರ್ಜಿ ಸಲ್ಲಿಸಬೇಕು. ನಂಬರ್ ಬಂದ ಮೇಲೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮದುವೆಯಾಗಿ ಕೆಲಸ ಬಿಟ್ಟ ಹೆಣ್ಣುಮಕ್ಕಳು ಇದನ್ನು ಮರೆಯುವುದುಂಟು.

ಭಾಷೆಯ ಅನುಕೂಲಕ್ಕೆಂದು ಮೈಸೂರು, ಬೆಂಗಳೂರಿಗೆ ಮಕ್ಕಳನ್ನು ಕಳಿಸುವ ಕನ್ನಡದ ಮನೆಗಳು ನಮ್ಮಲ್ಲಿವೆ. ತಪ್ಪಿಲ್ಲ. ಆದರೆ ಅಲ್ಲಿ ನೋಂದಣಿಯಾದವರು ಇಲ್ಲಿ ಕೆಲಸಕ್ಕೆ ಬರುವಾಗ ಕರ್ನಾಟಕದ ಪರಿಷತ್ತಿನ ಪತ್ರ ತಂದು ತಮಿಳುನಾಡಿನ ಪುಸ್ತಕದಲ್ಲೂ ಹೆಸರು ಸೇರಿಸಬೇಕು. ಹೊರದೇಶಕ್ಕೆ ಹೋಗಲು ಆಯಾ ದೇಶದ ಪರೀಕ್ಷೆ ಬೇರೆ ಇರುತ್ತದೆ. ಉದಾಹರಣೆಗೆ, ಅಮೆರಿಕದಲ್ಲಿ ಎನ್‌ಕ್ಲೆಕ್ಸ್. ಅದಕ್ಕೂ ನಮ್ಮ ದೇಶದ ಸರಿಯಾದ ಓದೇ ಬುನಾದಿ.

5. ಹಣ ಕಟ್ಟುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಒಂದು: ಈ ವರ್ಷಕ್ಕೆ ರಾಜ್ಯ ಪರಿಷತ್ತಿನ ಮಾನ್ಯತೆ ಇದೆಯೇ? ರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ? ಗೋಡೆಗೆ ತೂಗುಹಾಕಿದ ಹಳೆಯ ಪತ್ರ ಸಾಲದು, ಪರಿಷತ್ತನ್ನೇ ಕೇಳಿ.

ಎರಡು: ಪರೀಕ್ಷೆ ನಡೆಸುವವರು ಯಾರು? "ನಾವೇ" ಎಂದರೆ ಎದ್ದು ಬನ್ನಿ.

ಮೂರು: ಮಕ್ಕಳು ತರಬೇತಿ ಪಡೆಯುವ ಆಸ್ಪತ್ರೆ ಯಾವುದು? ಹೋಗಿ ಕಣ್ಣಾರೆ ನೋಡಿ.

ನಾಲ್ಕು: ಹಿಂದೆ ಓದಿದವರಿಗೆ ನೋಂದಣಿ ಸಿಕ್ಕಿದೆಯೇ? ಒಬ್ಬರನ್ನಾದರೂ ಮಾತನಾಡಿಸಿ.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ಏಜೆಂಟರ ಕೈಗೆ ಕೊಡಬೇಡಿ.

ಆ ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾನ್ಯತೆಯಿದ್ದ ಶಾಲೆಯಲ್ಲಿ ಜಿ.ಎನ್.ಎಂ. ಸೇರಿ ಮೊದಲಿನಿಂದ ಮೂರು ವರ್ಷ ಓದಿದಳು. ನೋಂದಣಿ ಪತ್ರ ಬಂದ ದಿನ ತಂದೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು ನಮಗೆ ತೋರಿಸಿದರು. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಮಾರಿದ ಹಸುಗಳು ಮಾತ್ರ ಕೊಟ್ಟಿಗೆಗೆ ಮರಳಲಿಲ್ಲ.

ಅಂದಿನಿಂದ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗದೆ ನಾವು ಯಾರಿಗೂ ನರ್ಸಿಂಗ್ ಶಿಫಾರಸು ಪತ್ರ ಬರೆಯುತ್ತಿಲ್ಲ. ಇದನ್ನು ಬಿಗುಮಾನವೆಂದು ತಿಳಿಯಬೇಡಿ. ಶಾಲೆಯವರು ಕೊಟ್ಟ ಕಾಗದಗಳನ್ನು ಶನಿವಾರ ಸಂಜೆ ತನ್ನಿ. ಒಟ್ಟಿಗೆ ಕುಳಿತು ಓದೋಣ. ಹಣ ಕಟ್ಟುವುದು ಆಮೇಲೆ.