ಬಸಿರಿನಲ್ಲಿ ಒಣಗಿ ಉರಿಯುತ್ತಿದ್ದರೆ
ಬಸಿರಿನಲ್ಲಿ ಈಸ್ಟ್ರೋಜನ್ ಏರುವುದರಿಂದ ಸಾಮಾನ್ಯವಾಗಿ ಬಿಳಿಸ್ರಾವ ಹೆಚ್ಚುತ್ತದೆ. ಹಾಗಾಗಿ ಯೋನಿ ಒಣಗಿ ಉರಿಯತೊಡಗಿದರೆ, ನನಗೊಬ್ಬಳಿಗೇ ಯಾಕೆ ಹೀಗೆ ಎಂದು ಕೆಲವರು ಒಳಗೊಳಗೇ ಕೊರಗುತ್ತಾರೆ. ಅತ್ತೆಗೆ ಹೇಳುವಂತಿಲ್ಲ, ಗಂಡನಿಗೆ ಹೇಳಲು ನಾಚಿಕೆ. ಕೊರಗಬೇಡಿ, ಇದಕ್ಕೆ ದಾರಿಯಿದೆ.

ಮೊದಲು ಬಚ್ಚಲುಮನೆಯತ್ತ ನೋಡಿ. ಸ್ವಚ್ಛತೆಯ ಹೆಸರಿನಲ್ಲಿ ಸೋಪು, ಘಮಘಮಿಸುವ ವಾಶ್ ಹಾಕಿ ಉಜ್ಜುತ್ತಿದ್ದರೆ ಇವತ್ತೇ ನಿಲ್ಲಿಸಿ. ಯೋನಿಯೊಳಗೆ ಸಹಜವಾದ ಆಮ್ಲಗುಣವಿದೆ, ಪಿಎಚ್ ಸುಮಾರು 3.8ರಿಂದ 4.5. ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಹೊರಭಾಗಕ್ಕೆ ಉಗುರುಬೆಚ್ಚಗಿನ ನೀರು ಸಾಕು. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳೂ ಒಣಗಿಸುತ್ತವೆ. ಏನು ನುಂಗುತ್ತಿದ್ದೀರೆಂದು ಡಾಕ್ಟರಿಗೆ ತಿಳಿಸಿ.

ಕೂಡುವಾಗ ನೋವಾದರೆ ಹಲ್ಲುಕಚ್ಚಿ ಸಹಿಸಬೇಡಿ. ಅವಸರ ಬೇಡವೆಂದು ಗಂಡನಿಗೆ ನೇರವಾಗಿ ಹೇಳಿ. ಮೆಡಿಕಲ್ ಶಾಪಿನಲ್ಲಿ ಸುವಾಸನೆಯಿಲ್ಲದ, ನೀರಿನಿಂದ ಮಾಡಿದ ಲೂಬ್ರಿಕೆಂಟ್ ಜೆಲ್ ಸಿಗುತ್ತದೆ. ಕೇಳಲು ಮುಜುಗರವೇ? ಗಂಡನನ್ನೇ ಕಳಿಸಿ, ಅವರೂ ಸ್ವಲ್ಪ ಮುಜುಗರಪಡಲಿ! ವ್ಯಾಸಲೀನ್, ಕೊಬ್ಬರಿ ಎಣ್ಣೆ ಬೇಡ. ಕಾಂಡೋಮ್ ಬಳಸುವವರಿಗಂತೂ ಇವುಗಳಿಂದ ಅದರ ರಬ್ಬರ್ ಹಾಳಾಗುತ್ತದೆ. ಡಾಕ್ಟರು ಹೇಳದೆ ಹಾರ್ಮೋನ್ ಕ್ರೀಮು ಹಚ್ಚಲೇಬೇಡಿ.

ತುರಿಕೆ, ಒಡೆದ ಮೊಸರಿನಂಥ ಸ್ರಾವ, ಕೆಟ್ಟ ವಾಸನೆ, ಉರಿಮೂತ್ರ ಇದ್ದರೆ ಸೋಂಕಿರಬಹುದು, ತೋರಿಸಿ. ರಕ್ತ ಕಂಡರೆ, ನೀರು ಸೋರಿದಂತಾದರೆ ಮುಂದಿನ ಚೆಕಪ್ಪಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಅಂದಹಾಗೆ, ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಇಳಿಯುವುದರಿಂದ ಈ ಒಣಗುವಿಕೆ ಇನ್ನಷ್ಟು ಸಾಮಾನ್ಯ. ಬಾಣಂತನದ ಸಾಮಾನಿನ ಪಟ್ಟಿಯಲ್ಲಿ ಜೆಲ್ಲನ್ನೂ ಸೇರಿಸಿಕೊಳ್ಳಿ.